ಘರ್ಷಣೆ, ಸವೆತ ಮತ್ತು ಗಡಸುತನ: ಪ್ರಯೋಗಶಾಲೆಯಲ್ಲಿ ಲೋಹಗಳ ಪರೀಕ್ಷೆ

ಹೈದರಾಬಾದ್ ನಗರದ ಅಮೀರ್‌ಪೇಟ್ ಮೆಟ್ರೊ ನಿಲ್ದಾಣದಲ್ಲಿ ಎರಡು ಮಾರ್ಗಗಳು ಸಂಧಿಸುತ್ತವೆ. ಮಿಯಾಪುರದಿಂದ ಎಲ್.ಬಿ. ನಗರಕ್ಕೆ ಹೋಗುವುದು ಒಂದು. ನಾಗೋಲ್‌ನಿಂದ ರಾಯದುರ್ಗಕ್ಕೆ ಹೋಗುವುದು ಮತ್ತೊಂದು. 2017ರ ನವೆಂಬರ್ ತಿಂಗಳಿನಲ್ಲಿ ನಗರದ ಮೆಟ್ರೊ ಸೇವೆ ಪ್ರಾರಂಭವಾದಾಗಲೇ ಈ ನಿಲ್ದಾಣವೂ ಪ್ರಯಾಣಿಕರಿಗೆ ತೆರೆಯಿತು. ಕಂಪ್ಯೂಟರ್ ತರಬೇತಿಗೆಂದು ಬರುವ ವಿದ್ಯಾರ್ಥಿಗಳು, ಕಚೇರಿಗೆ ಧಾವಿಸುವ ನೌಕರರು ದಿನವಿಡೀ ಇಲ್ಲಿ ಗಾಡಿ ಬದಲಿಸುತ್ತಾರೆ. ಗಾಡಿಯೊಂದು ಬಂದು ನಿಂತು ಮತ್ತೆ ಹೊರಡುವ ಆ ಅಲ್ಪ ಸಮಯದಲ್ಲಿ ಎಷ್ಟು ವಸ್ತುಗಳು ಒಂದನ್ನೊಂದು ಉಜ್ಜುತ್ತವೆ ಎಂಬುದನ್ನು ಗಮನಿಸುವವರು ವಿರಳ.

ಹಳಿಯ ಮೇಲೆ ಚಕ್ರ ಉರುಳುತ್ತದೆ. ಉಕ್ಕಿನ ಚಕ್ರವೊಂದು ಉಕ್ಕಿನ ಹಳಿಯನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ ಬೆರಳಿನ ಉಗುರಿನಷ್ಟು ಮಾತ್ರ. ಹಲವು ಟನ್ ಭಾರ ಅಷ್ಟರ ಮೇಲೆಯೇ ನಿಂತಿರುತ್ತದೆ. ಗಾಡಿಯ ನೆತ್ತಿಯ ಮೇಲಿನ ಪ್ಯಾಂಟೊಗ್ರಾಫ್ ಎಂಬ ತೋಳು 25,000 ವೋಲ್ಟ್ ಹರಿಯುವ ತಂತಿಯನ್ನು ಉಜ್ಜುತ್ತಾ ಸಾಗುತ್ತದೆ. ವೇಗವನ್ನು ಬಹುಮಟ್ಟಿಗೆ ವಿದ್ಯುತ್ ಮೋಟಾರುಗಳೇ ತಗ್ಗಿಸಿದರೂ, ಕೊನೆಯಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವುದು ಬ್ರೇಕಿನ ಉಜ್ಜುವಿಕೆಯೇ.

ಈ ಮೂರು ಜೋಡಿಗಳು ಬಯಸುವುದು ಬೇರೆಬೇರೆಯಾದ ಗುಣಗಳನ್ನು. ಚಕ್ರ ಮತ್ತು ಹಳಿಗಳ ನಡುವೆ ಘರ್ಷಣೆ ಇರಬೇಕು, ಇಲ್ಲದಿದ್ದರೆ ಚಕ್ರ ನಿಂತಲ್ಲೇ ಸುತ್ತೀತು; ಆದರೆ ಸವೆತ ಇರಬಾರದು. ಬ್ರೇಕಿನಲ್ಲಿ ಘರ್ಷಣೆ ಹೆಚ್ಚಾಗಿರಬೇಕು. ಸವೆಯುವುದಾದರೆ ಸುಲಭವಾಗಿ ಬದಲಿಸಬಹುದಾದ ಭಾಗವೇ ಸವೆಯಬೇಕು. ವಿದ್ಯುತ್ ತಂತಿಗೆ ತಾಗುವಲ್ಲಿ ಘರ್ಷಣೆ ಕಡಿಮೆ ಇರಬೇಕು. ಮೈಲಿಗಟ್ಟಲೆ ಉದ್ದದ ತಾಮ್ರದ ತಂತಿ ಉಳಿದು, ಅದನ್ನು ಮುಟ್ಟುವ ಇಂಗಾಲದ ಪಟ್ಟಿ ಸವೆಯಬೇಕು. ಯಾವುದು ಉಳಿಯಬೇಕು, ಯಾವುದು ಸವೆಯಬೇಕು ಎಂಬ ಈ ತೀರ್ಮಾನವನ್ನು ಊಹೆಯಿಂದ ಕೈಗೊಳ್ಳಲಾಗದು. ಅದಕ್ಕೆ ಆಧಾರ ಒದಗಿಸುವುದು ಪ್ರಯೋಗಶಾಲೆ.

ಗಟ್ಟಿ ಎಂದರೇನು?

ನಮ್ಮ ಆಡುಮಾತಿನಲ್ಲಿ ‘ಗಟ್ಟಿ’ ಎಂಬ ಒಂದೇ ಪದ ಹಲವು ಗುಣಗಳನ್ನು ಹೊರುತ್ತದೆ. ಮುರಿಯದ ಹಗ್ಗವೂ ಗಟ್ಟಿ, ಗೀರು ಬೀಳದ ಕಲ್ಲೂ ಗಟ್ಟಿ, ಬಿದ್ದರೂ ಒಡೆಯದ ಪಾತ್ರೆಯೂ ಗಟ್ಟಿ. ತಾಂತ್ರಿಕ ಬರಹಗಳನ್ನು ಕನ್ನಡಕ್ಕೆ ತರುವವರಿಗೆ ಇದು ದಿನನಿತ್ಯದ ತೊಡಕು. ಪ್ರಸ್ತುತ ಲೇಖನದಲ್ಲಿ ‘ಗಡಸುತನ’ ಎಂದರೆ ವಸ್ತುವಿನ ಮೈಯನ್ನು ಇನ್ನೊಂದು ವಸ್ತು ಒತ್ತಿ ತಗ್ಗು ಮಾಡಲು ಯತ್ನಿಸಿದಾಗ ಅದು ತೋರುವ ಪ್ರತಿರೋಧ, ಅಷ್ಟೇ. ಗಾಜು ಬಹಳ ಗಡಸು; ಆದರೆ ಕೈಜಾರಿ ಬಿದ್ದರೆ ಚೂರು. ಸೀಸ ಮೆದು, ಬಡಿದರೂ ಒಡೆಯುವುದಿಲ್ಲ.

ಈ ಗುಣವನ್ನು ನಮ್ಮ ಕಮ್ಮಾರರು ಬಲ್ಲವರೇ. ಕುಡುಗೋಲಿನ ಅಲಗನ್ನು ಕಾಯಿಸಿ, ನೀರಿನಲ್ಲಿ ಅದ್ದಿ ಹದಗೊಳಿಸಿದ ಮೇಲೆ ಅದರ ಅಂಚಿಗೆ ಅರ ಹಿಡಿದು ನೋಡುವುದುಂಟು. ಅರ ಕಚ್ಚಿದರೆ ಹದ ಸಾಲದು, ಜಾರಿದರೆ ಹದ ಬಂದಿದೆ. (ಅಕ್ಕಸಾಲಿಗರ ಒರೆಗಲ್ಲು ಇದಕ್ಕಿಂತ ಭಿನ್ನವಾದುದು, ಅಲ್ಲಿ ನೋಡುವುದು ಗೀರಿನ ಬಣ್ಣವನ್ನು, ಲೋಹದ ಗಡಸುತನವನ್ನಲ್ಲ.) ಅರದ ಪರೀಕ್ಷೆಯ ಕೊರತೆ ಎಂದರೆ ಅದು ಸಂಖ್ಯೆಯನ್ನು ಕೊಡುವುದಿಲ್ಲ. ಒಬ್ಬರ ಕೈಗೆ ಜಾರಿದಂತೆ ಕಂಡದ್ದು ಇನ್ನೊಬ್ಬರಿಗೆ ಕಚ್ಚಿದಂತೆ ತೋರಬಹುದು.

ಸಂಖ್ಯೆಯನ್ನು ಒದಗಿಸಿದವರು ಸ್ವೀಡನ್ ದೇಶದ ಎಂಜಿನಿಯರ್ ಬ್ರಿನೆಲ್. 1900ರಲ್ಲಿ ಅವರು ಪ್ರಚುರಪಡಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. 10 ಮಿ.ಮೀ. ವ್ಯಾಸದ ಗಡಸಾದ ಗುಂಡನ್ನು ಉಕ್ಕಿನ ಮಾದರಿಯ ಮೇಲಿಟ್ಟು, 3,000 ಕಿಲೋಗ್ರಾಂ ಭಾರದಿಂದ 10ರಿಂದ 15 ಸೆಕೆಂಡುಗಳ ಕಾಲ ಒತ್ತಲಾಗುತ್ತದೆ. ಗುಂಡನ್ನು ತೆಗೆದ ಮೇಲೆ ಉಳಿಯುವ ಗುಳಿಯ ವ್ಯಾಸವನ್ನು ಸೂಕ್ಷ್ಮದರ್ಶಕದಿಂದ ಅಳೆದು, ಭಾರವನ್ನು ಗುಳಿಯ ಮೈವಿಸ್ತೀರ್ಣದಿಂದ ಭಾಗಿಸಿದರೆ ಬ್ರಿನೆಲ್ ಸಂಖ್ಯೆ ಬರುತ್ತದೆ. ಗುಳಿಯ ವ್ಯಾಸ 3.75 ಮಿ.ಮೀ. ಇದ್ದರೆ ಗಡಸುತನ ಸುಮಾರು 262. ಅದನ್ನೇ ತಪ್ಪಾಗಿ 3.65 ಎಂದು ಓದಿದರೆ ಸಂಖ್ಯೆ 277ಕ್ಕೆ ಏರುತ್ತದೆ. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಕಣ್ಣಳತೆಯ ತಪ್ಪಿನಿಂದ, ತಿರಸ್ಕರಿಸಬೇಕಾದ ಸರಕು ಸ್ವೀಕೃತವಾಗಬಹುದು.

ಬೆಂಗಳೂರಿನ ಯಲಹಂಕದಲ್ಲಿ 1984ರಲ್ಲಿ ಕೆಲಸ ಆರಂಭಿಸಿದ ರೈಲು ಗಾಲಿ ಕಾರ್ಖಾನೆಯಲ್ಲಿ ಭಾರತೀಯ ರೈಲ್ವೆಗಾಗಿ ಚಕ್ರಗಳನ್ನು ಎರಕ ಹೊಯ್ಯುತ್ತಾರೆ. ಅಲ್ಲಿ ಚಕ್ರದ ಅಂಚಿನ ಗಡಸುತನವನ್ನು ಪರೀಕ್ಷಿಸಲು ಈ ಗುಂಡಿನ ವಿಧಾನವೇ ಅನುಕೂಲ. ಎರಕದ ಲೋಹದ ಒಳಗಿನ ಹರಳುಗಳು ಒರಟಾಗಿರುವುದರಿಂದ ಗುಳಿ ದೊಡ್ಡದಾದಷ್ಟೂ ಸಿಗುವ ಸರಾಸರಿ ನಂಬಲರ್ಹವಾಗಿರುತ್ತದೆ.

ಆದರೆ ಬಾಲ್ ಬೇರಿಂಗಿನ ಉಂಗುರದ ಮೇಲೆ ಅಷ್ಟು ದೊಡ್ಡ ಗುಳಿ ಮಾಡಿದರೆ ಉಂಗುರವೇ ಹಾಳು. ಅಮೆರಿಕದಲ್ಲಿ ಬೇರಿಂಗ್ ಉಂಗುರಗಳ ಪರೀಕ್ಷೆಗೆಂದು ರಾಕ್‌ವೆಲ್ ಎಂಬ ಹೆಸರಿನ ಇಬ್ಬರು ರೂಪಿಸಿದ ಯಂತ್ರ ಗುಳಿಯ ಅಗಲವನ್ನಲ್ಲ, ಆಳವನ್ನು ಅಳೆಯುತ್ತದೆ. ಅದರ ‘ಸಿ’ ಮಾನದಲ್ಲಿ 120 ಡಿಗ್ರಿ ತುದಿಯ ವಜ್ರದ ಶಂಕುವನ್ನು ಮೊದಲು 10 ಕಿಲೋಗ್ರಾಂ, ಅನಂತರ ಒಟ್ಟು 150 ಕಿಲೋಗ್ರಾಂ ಭಾರದಿಂದ ಒತ್ತಲಾಗುತ್ತದೆ. ಫಲಿತಾಂಶ ಮುಳ್ಳಿನ ಮೇಲೆ ನೇರವಾಗಿ ಕಾಣುವುದರಿಂದ ಲೆಕ್ಕಾಚಾರದ ಅಗತ್ಯವಿಲ್ಲ. ಕಾರ್ಖಾನೆಗಳಲ್ಲಿ ಇದು ಜನಪ್ರಿಯವಾಗಲು ಅದೇ ಕಾರಣ. ಇದರ ಒಂದು ಅಂಕ ಎಂದರೆ ಆಳದಲ್ಲಿ ಕೇವಲ 0.002 ಮಿ.ಮೀ. ಮಾದರಿಯ ಅಡಿಯಲ್ಲಿ ಧೂಳಿನ ಕಣವೊಂದು ಸಿಲುಕಿ, ಭಾರ ಬಿದ್ದಾಗ ಅದು 0.02 ಮಿ.ಮೀ. ಕುಸಿದರೂ ಸಾಕು, 60 ಇದ್ದ ಉಕ್ಕು 50 ಎಂದು ತೋರುತ್ತದೆ. ಹದ ಸರಿಯಾಗಿದ್ದ ಅಚ್ಚುಗಳನ್ನು ಮತ್ತೆ ಕುಲುಮೆಗೆ ಹಾಕಿ ಕೆಡಿಸಿದ ಪ್ರಸಂಗಗಳಿಗೆ ಇಂತಹ ಕಣಗಳೂ ಕಾರಣವಾಗಿರಬಹುದು. ಪೀಠವನ್ನು ಒರೆಸಿಕೊಳ್ಳುವುದು ಜವಾನನ ಕೆಲಸವಲ್ಲ, ಪರೀಕ್ಷಕನದೇ.

ತೆಳುವಾದ ಪದರಗಳಿಗೆ ಈ ಎರಡೂ ಒಗ್ಗವು. ಹೈದರಾಬಾದಿನ ಬಾಲಾಪುರದಲ್ಲಿರುವ, ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಸ್ವಾಯತ್ತ ಸಂಸ್ಥೆಯಾದ ಎ.ಆರ್.ಸಿ.ಐ.ಯಲ್ಲಿ ಲೋಹದ ಮೈಮೇಲೆ ಸವೆತನಿರೋಧಕ ಲೇಪನಗಳನ್ನು ಕೂರಿಸುವ ವಿಧಾನಗಳ ಸಂಶೋಧನೆ ನಡೆಯುತ್ತದೆ. ಆಮ್ಲಜನಕ ಮತ್ತು ಅಸಿಟಿಲೀನ್ ಅನಿಲಗಳನ್ನು ಕೊಳವೆಯೊಳಗೆ ಸ್ಫೋಟಿಸಿ, ಆ ರಭಸದಿಂದ ಗಡಸು ಪುಡಿಯನ್ನು ಲೋಹದ ಮೇಲೆ ಅಪ್ಪಳಿಸುವುದು ಅವುಗಳಲ್ಲಿ ಒಂದು. ಇಂತಹ ಲೇಪನದ ದಪ್ಪ ಮಿಲಿಮೀಟರಿನ ಒಂದಂಶ ಮಾತ್ರ. ಬ್ರಿನೆಲ್ ಗುಂಡನ್ನು ಒತ್ತಿದರೆ ಅದು ಲೇಪನವನ್ನು ಭೇದಿಸಿ ಕೆಳಗಿನ ಲೋಹವನ್ನು ಅಳೆದೀತು. ಆದ್ದರಿಂದ 136 ಡಿಗ್ರಿ ಕೋನದ ವಜ್ರದ ಪಿರಮಿಡ್ಡನ್ನು ಅಲ್ಪ ಭಾರದಿಂದ ಒತ್ತಿ, ಚೌಕಾಕಾರದ ಗುಳಿಯ ಕರ್ಣಗಳನ್ನು ಅಳೆಯುವ ವಿಕರ್ಸ್ ವಿಧಾನವನ್ನು ಅನುಸರಿಸಬೇಕಾಗುತ್ತದೆ.

ಘರ್ಷಣೆಯ ಅಳತೆ

ಘರ್ಷಣೆಯನ್ನು ಅಳೆಯುವ ಸರಳ ಉಪಾಯ ಮನೆಯಲ್ಲಿಯೇ ಉಂಟು. ಮಣೆಯ ಮೇಲೆ ಮರದ ತುಂಡೊಂದನ್ನಿಟ್ಟು ಮಣೆಯ ಒಂದು ತುದಿಯನ್ನು ಮೆಲ್ಲನೆ ಎತ್ತಿರಿ. ತುಂಡು ಜಾರತೊಡಗುವ ಓರೆ 17 ಡಿಗ್ರಿ ಆಗಿದ್ದರೆ ಘರ್ಷಣ ಗುಣಾಂಕ ಸುಮಾರು 0.3. ಒಣಗಿದ ಶುಭ್ರವಾದ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಇಷ್ಟು ಅಥವಾ ಇನ್ನೂ ಸ್ವಲ್ಪ ಹೆಚ್ಚು ಹಿಡಿತ ಸಿಗುತ್ತದೆ. ಬೇಸಿಗೆಯ ಧೂಳಿನ ಮೇಲೆ ಮೊದಲ ತುಂತುರು ಬಿದ್ದಾಗ ಅದು ಬಹಳವಾಗಿ ಇಳಿಯುತ್ತದೆ. ಜೋರು ಮಳೆ ಹಳಿಯನ್ನು ತೊಳೆದ ಮೇಲೆ ಮತ್ತೆ ಏರುತ್ತದೆ. ರೈಲ್ವೆ ಎಂಜಿನ್‌ಗಳು ಹಿಡಿತ ತಪ್ಪಿದಾಗ ಹಳಿಯ ಮೇಲೆ ಮರಳು ಸುರಿಯುವುದು ಇದಕ್ಕಾಗಿಯೇ. ಆ ಮರಳಿನಿಂದಲೇ ಚಕ್ರವೂ ಹಳಿಯೂ ಹೆಚ್ಚು ಸವೆಯುತ್ತವೆ.

ಘರ್ಷಣೆ ಕಡಿಮೆಯಾದರೆ ಸವೆತವೂ ಕಡಿಮೆ ಎಂಬ ನಂಬಿಕೆ ಸಾಮಾನ್ಯವಾಗಿದೆ. ಅದು ಸರಿಯಲ್ಲ. ಅಡುಗೆಯ ಕಾವಲಿಗೆ ಬಳಿಯುವ ಟೆಫ್ಲಾನ್ ಅತ್ಯಂತ ಜಾರು. ಆದರೂ ಬೇರೇನೂ ಬೆರೆಸದ ಟೆಫ್ಲಾನ್ ಬೇಗನೆ ಸವೆಯುತ್ತದೆ. ಒಳ್ಳೆಯ ಬ್ರೇಕಿನ ಪದರ ಹೆಚ್ಚು ಘರ್ಷಣೆ ಒದಗಿಸಿಯೂ ತಿಂಗಳುಗಟ್ಟಲೆ ಬಾಳುತ್ತದೆ.

ಸವೆತವನ್ನು ತೂಗುವುದು

ಸವೆತದ ಪರೀಕ್ಷೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕಡ್ಡಿ ಮತ್ತು ಬಿಲ್ಲೆಯ ಯಂತ್ರ. ತಿರುಗುವ ಉಕ್ಕಿನ ಬಿಲ್ಲೆಯ ಮೇಲೆ, ಪರೀಕ್ಷಿಸಬೇಕಾದ ಲೋಹದ ಕಡ್ಡಿಯನ್ನು ನಿಗದಿತ ಭಾರದಿಂದ ಒತ್ತಿ ಹಿಡಿಯಲಾಗುತ್ತದೆ. ಉದಾಹರಣೆಗೆ, ಕಡ್ಡಿ ಉಜ್ಜುವ ವೃತ್ತದ ವ್ಯಾಸ 80 ಮಿ.ಮೀ., ಬಿಲ್ಲೆಯ ವೇಗ ನಿಮಿಷಕ್ಕೆ 400 ಸುತ್ತು ಎಂದಿಟ್ಟುಕೊಳ್ಳೋಣ. ಹತ್ತು ನಿಮಿಷದಲ್ಲಿ ಕಡ್ಡಿ ಸುಮಾರು ಒಂದು ಕಿಲೋಮೀಟರ್ ಉಜ್ಜಿರುತ್ತದೆ. ಪರೀಕ್ಷೆಗೆ ಮುನ್ನ ಹಾಗೂ ಅನಂತರ ಕಡ್ಡಿಯನ್ನು ಶುಚಿಗೊಳಿಸಿ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿದಾಗ 12 ಮಿಲಿಗ್ರಾಂ ವ್ಯತ್ಯಾಸ ಕಂಡರೆ, ಉಕ್ಕಿನ ಸಾಂದ್ರತೆಯ ಪ್ರಕಾರ ನಷ್ಟವಾದ ಗಾತ್ರ ಸುಮಾರು 1.5 ಘನ ಮಿ.ಮೀ. ಇದನ್ನು ಭಾರ ಮತ್ತು ದೂರಗಳಿಂದ ಭಾಗಿಸಿದಾಗ ಬೇರೆ ಬೇರೆ ಲೋಹಗಳನ್ನು ಹೋಲಿಸಬಹುದಾದ ಅಂಕಿ ದೊರೆಯುತ್ತದೆ. ನೇಗಿಲಿನ ಗುಳ, ಕಲ್ಲು ಒಡೆಯುವ ಯಂತ್ರದ ದವಡೆ ಮುಂತಾದ, ಮಣ್ಣು ಮರಳಿನೊಡನೆ ಸೆಣಸುವ ಭಾಗಗಳಿಗೆ ಈ ಯಂತ್ರ ಸಾಲದು. ಅವುಗಳ ಮಾದರಿಯನ್ನು ತಿರುಗುವ ರಬ್ಬರ್ ಚಕ್ರಕ್ಕೆ ಒತ್ತಿ, ನಡುವೆ ಒಣ ಮರಳನ್ನು ಸುರಿಯುತ್ತಾರೆ. ಕೀಲೆಣ್ಣೆಯ ಪರೀಕ್ಷೆಗೆ ಮೂರು ಗುಂಡುಗಳ ಮೇಲೆ ನಾಲ್ಕನೆಯದನ್ನು ತಿರುಗಿಸುವ ಯಂತ್ರವಿದೆ.

ಗಡಸಾದ ವಸ್ತು ಕಡಿಮೆ ಸವೆಯುತ್ತದೆ ಎಂಬುದು 1953ರಲ್ಲಿ ಆರ್ಚರ್ಡ್ ಪ್ರಕಟಿಸಿದ ಸೂತ್ರದ ತಿರುಳು. ಸೂತ್ರ ಉಪಯುಕ್ತವಾದುದೇ, ಆದರೆ ಅದನ್ನು ಕಣ್ಣುಮುಚ್ಚಿ ನೆಚ್ಚುವಂತಿಲ್ಲ. ರೈಲು ಹಳಿಗಳು ಒಂದನ್ನೊಂದು ದಾಟುವಲ್ಲಿ ಬಳಸುವ ಮ್ಯಾಂಗನೀಸ್ ಉಕ್ಕು, 1882ರಲ್ಲಿ ಇಂಗ್ಲೆಂಡಿನ ಹ್ಯಾಡ್‌ಫೀಲ್ಡ್ ಕಂಡುಹಿಡಿದದ್ದು, ಹೊಸದರಲ್ಲಿ ಸುಮಾರು 200 ಬ್ರಿನೆಲ್ ಮಾತ್ರ ತೋರಿಸುತ್ತದೆ. ಚಕ್ರಗಳ ಪೆಟ್ಟು ತಿಂದಂತೆ ಅದರ ಮೈ ಗಡಸಾಗುತ್ತಾ 500ರ ಸಮೀಪಕ್ಕೂ ಏರಬಲ್ಲದು. ಹೊಸ ತುಂಡಿನ ಗಡಸುತನವನ್ನಷ್ಟೇ ನೋಡಿದವರು ಅದನ್ನು ಮೂಲೆಗೆ ಎಸೆದಾರು.

ಹಳಿಯ ವಿಷಯದಲ್ಲಿ ತೊಡಕು ಇನ್ನೂ ಗಂಭೀರವಾದುದು. ಚಕ್ರಗಳ ಒತ್ತಡ ಮತ್ತೆ ಮತ್ತೆ ಬಿದ್ದು ಲೋಹ ದಣಿದಾಗ ಹಳಿಯ ಮೇಲ್ಮೈಯಲ್ಲಿ ಕೂದಲೆಳೆಯಂತಹ ಬಿರುಕುಗಳು ಹುಟ್ಟುತ್ತವೆ. ಹಳಿ ಸವೆಯುತ್ತಿದ್ದರೆ ಬಿರುಕುಗಳೂ ಆ ಪದರದೊಂದಿಗೆ ಉಜ್ಜಿಹೋಗುತ್ತವೆ. ಸವೆಯದ ಹಳಿಯಲ್ಲಿ ಅವು ಒಳಕ್ಕೆ ಇಳಿಯಬಹುದು. 2000ದ ಅಕ್ಟೋಬರ್ 17ರಂದು ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್ ಬಳಿ ಇಂತಹ ಬಿರುಕುಗಳಿದ್ದ ಹಳಿ ಛಿದ್ರವಾಗಿ ಗಾಡಿ ಹಳಿತಪ್ಪಿತು, ನಾಲ್ವರು ಮೃತಪಟ್ಟರು. ಹಳಿಯನ್ನು ಆಗಾಗ ಯಂತ್ರದಿಂದ ತೆಳುವಾಗಿ ಉಜ್ಜಿ ತೆಗೆಯುವುದು, ಶಬ್ದಾತೀತ ತರಂಗಗಳಿಂದ ಒಳಗನ್ನು ಶೋಧಿಸುವುದು ಈ ಕಾರಣದಿಂದ ಅನಿವಾರ್ಯ. ಗಡಸುತನದ ಯಂತ್ರಕ್ಕೆ ಈ ಬಿರುಕು ಕಾಣಿಸುವುದಿಲ್ಲ.

ಸುತ್ತಲಿನ ಗಾಳಿಯನ್ನೂ ಮರೆಯುವಂತಿಲ್ಲ. ಗ್ರಾಫೈಟ್ ಜಾರುವುದು ಗಾಳಿಯಲ್ಲಿನ ತೇವಾಂಶದ ನೆರವಿನಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಗಳು ಬಹಳ ಎತ್ತರಕ್ಕೆ ಏರಿದಾಗ, ಅಲ್ಲಿನ ಒಣಗಾಳಿಯಲ್ಲಿ ಜನರೇಟರುಗಳ ಇಂಗಾಲದ ಬ್ರಷ್‌ಗಳು ಅಲ್ಪಕಾಲದಲ್ಲೇ ಪುಡಿಯಾಗಿಹೋದವು. ಆದಕಾರಣ ಸವೆತದ ವರದಿಯಲ್ಲಿ ಕೋಣೆಯ ಉಷ್ಣತೆ, ತೇವಾಂಶಗಳನ್ನು ನಮೂದಿಸಿರಬೇಕು.

ಅಮೀರ್‌ಪೇಟ್‌ನಿಂದ ಮಿಯಾಪುರದ ಕಡೆಗೆ ಮೆಟ್ರೊದಲ್ಲಿ ಹೋಗುವಾಗ ಸಿಗುವ ಬಾಲಾನಗರದಲ್ಲಿ 1968ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಉಪಕರಣ ವಿನ್ಯಾಸ ಸಂಸ್ಥೆ ಇದೆ. ಸುತ್ತಮುತ್ತ ಸಣ್ಣ ಕಾರ್ಖಾನೆಗಳು ಹಲವಿವೆ. ಇಂತಹ ಕಾರ್ಖಾನೆಯ ಮಾಲೀಕರು ಮಾದರಿಯನ್ನು ಪರೀಕ್ಷೆಗೆ ಕಳುಹಿಸುವಾಗ, ಆ ಪ್ರಯೋಗಶಾಲೆಗೆ ತಮಗೆ ಬೇಕಾದ ನಿರ್ದಿಷ್ಟ ಪರೀಕ್ಷೆಗಾಗಿ ಎನ್.ಎ.ಬಿ.ಎಲ್. ಮಾನ್ಯತೆ ಇದೆಯೇ ಎಂದು ಮೊದಲು ವಿಚಾರಿಸತಕ್ಕದ್ದು. ವರದಿಯಲ್ಲಿ ಬರಿದೇ ‘ಗಡಸುತನ 45’ ಎಂದಿದ್ದರೆ ಅದನ್ನು ಹಿಂದಿರುಗಿಸಬಹುದು. ಯಾವ ಮಾನ, ಎಷ್ಟು ಭಾರ, ಎಷ್ಟು ಕಡೆ ಅಳೆದದ್ದು ಎಂಬುದಿಲ್ಲದ ಸಂಖ್ಯೆಗೆ ಅರ್ಥವಿಲ್ಲ. ಬ್ರಿನೆಲ್‌ಗೆ ಐ.ಎಸ್. 1500, ವಿಕರ್ಸ್‌ಗೆ ಐ.ಎಸ್. 1501, ರಾಕ್‌ವೆಲ್‌ಗೆ ಐ.ಎಸ್. 1586 ಎಂಬ ಭಾರತೀಯ ಮಾನಕಗಳಿದ್ದು, ಅನುಸರಿಸಿದ ಮಾನಕದ ಸಂಖ್ಯೆ ವರದಿಯಲ್ಲಿ ಕಾಣಿಸಬೇಕು. ಮಾದರಿಯನ್ನು ಕತ್ತರಿಸುವಾಗ ಅದು ಕಾಯದಂತೆ ನೀರು ಹಾಯಿಸಿರಿ. ಗ್ಯಾಸಿನಿಂದ ಕೊಯ್ದ ಅಂಚಿನ ಹದ ಕೆಟ್ಟಿರುತ್ತದೆ. ಅಲ್ಲಿ ಒತ್ತಿ ಪಡೆದ ಸಂಖ್ಯೆ ಆ ಅಂಚಿನದು, ಉಳಿದ ಸರಕಿನದಲ್ಲ.