ಹಾರ್ಮೋನನ್ನು ಹೋಲುವ ಔಷಧಿ

ಆಹಾರ ಸೇವಿಸಿದೊಡನೆ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ರಕ್ತದಲ್ಲಿ ಸಕ್ಕರೆ ಏರಿದಾಗ ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಜಠರದ ಗತಿಯನ್ನು ತಗ್ಗಿಸಿ ಹಸಿವನ್ನು ಶಮನಗೊಳಿಸುತ್ತದೆ. ಆದರೆ ಅದು ಕೆಲವೇ ನಿಮಿಷಗಳಲ್ಲಿ ನಾಶವಾಗುತ್ತದೆ.

ಅಮೆರಿಕದ ವಿಜ್ಞಾನಿ ಜಾನ್ ಎಂಗ್, ಗಿಲಾ ಮಾನ್‌ಸ್ಟರ್ ಎಂಬ ಮರುಭೂಮಿಯ ಹಲ್ಲಿಯ ವಿಷದಲ್ಲಿ ಅದನ್ನೇ ಹೋಲುವ, ಹೆಚ್ಚು ಕಾಲ ಉಳಿಯುವ ವಸ್ತುವನ್ನು ಕಂಡುಹಿಡಿದು 1992ರಲ್ಲಿ ಪ್ರಕಟಿಸಿದರು. ಅದನ್ನಾಧರಿಸಿದ ಎಕ್ಸೆನಟೈಡ್ 2005ರಲ್ಲಿ ಅಮೆರಿಕದಲ್ಲಿ ಮಧುಮೇಹದ ಔಷಧಿಯಾಗಿ ಮಾನ್ಯವಾಯಿತು. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್‌ಗೆ 2017ರಲ್ಲಿ ಮಧುಮೇಹಕ್ಕಾಗಿಯೂ 2021ರಲ್ಲಿ ತೂಕ ಇಳಿಸುವುದಕ್ಕಾಗಿಯೂ ಅಲ್ಲಿ ಅನುಮತಿ ದೊರೆಯಿತು. 68 ವಾರಗಳ ಒಂದು ಪರೀಕ್ಷೆಯಲ್ಲಿ ಸರಾಸರಿ ಶೇಕಡ 15ರಷ್ಟು ತೂಕ ಇಳಿಯಿತು. ಔಷಧಿ ನಿಲ್ಲಿಸಿದ ವರ್ಷದೊಳಗೆ ಇಳಿದುದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮರಳಿ ಬಂದಿತು.

ಆದುದರಿಂದ ಇದು ರೋಗವನ್ನು ನಿರ್ಮೂಲಗೊಳಿಸುವ ಮದ್ದಲ್ಲ, ಹತೋಟಿಯಲ್ಲಿಡುವ ಸಾಧನ. ವೈದ್ಯರ ನಿಗಾ, ಮಿತಾಹಾರ, ವ್ಯಾಯಾಮಗಳು ಇದರೊಡನೆ ಸಾಗಬೇಕು.