ಸರಕು ಮುಗಿದಾಗ

ಕಥೆ ಬರೆಯುವ ಹುಡುಗ ಹುಡುಗಿಯರು ನನ್ನ ಬಳಿ ಬಂದು ಹೇಳಿಕೊಳ್ಳುವ ಸಂಕಟ ಬಹುಮಟ್ಟಿಗೆ ಒಂದೇ. ಮೊದಲ ಎರಡು ಮೂರು ಪುಟ ಸರಾಗವಾಗಿ ಓಡುತ್ತದೆ, ಆಮೇಲೆ ಕೈ ನಿಂತುಬಿಡುತ್ತದೆ. ‘ಸ್ಫೂರ್ತಿಯೇ ಬರ್ತಿಲ್ಲ ಸರ್’ ಅನ್ನುತ್ತಾರೆ. ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆದು ನೋಡಿರುತ್ತಾರೆ, ಚಾಮುಂಡಿ ಬೆಟ್ಟ ಹತ್ತಿ ಇಳಿದಿರುತ್ತಾರೆ, ದೊಡ್ಡ ಲೇಖಕರ ಸಂದರ್ಶನಗಳನ್ನು ರಾತ್ರಿಯೆಲ್ಲ ಫೋನಿನಲ್ಲಿ ಕೇಳಿರುತ್ತಾರೆ. ಆ ಹೊತ್ತಿಗೆ ಹುರುಪೇನೋ ಬರುತ್ತದೆ. ಬೆಳಿಗ್ಗೆ ಮೇಜಿನ ಮುಂದೆ ಕೂತರೆ ಮತ್ತದೇ ಮೂರನೇ ಪುಟ.

ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಸ್ಫೂರ್ತಿಯ ಚಿಂತೆ ಬಿಡಿ. ನಿಮ್ಮ ಕಥೆಯ ಜನರ ಬಗ್ಗೆ ನಿಮಗೆ ಗೊತ್ತಿದ್ದ ಸರಕು ಅಷ್ಟಕ್ಕೇ ಮುಗಿದಿದೆ. ಹೋಗಿ ಇನ್ನಷ್ಟು ತಿಳಿದುಕೊಂಡು ಬನ್ನಿ.

ಒಬ್ಬ ಹುಡುಗಿ ದೇವರಾಜ ಮಾರುಕಟ್ಟೆಯ ಹೂವಾಡಗಿತ್ತಿಯ ಮೇಲೆ ಕಥೆ ಹಿಡಿದಿದ್ದಳು. ಆಕೆಯ ಕಣ್ಣಿನ ನೋವು, ಬಾಡುವ ಮಲ್ಲಿಗೆ, ಇಲ್ಲಿಗೆ ಬಂದು ನಿಂತಿತ್ತು. ನಾನು ಕೇಳಿದ್ದು ಇಷ್ಟೇ: ಆಕೆ ಎಷ್ಟು ಹೊತ್ತಿಗೆ ಏಳುತ್ತಾಳೆ? ಬಿಡಿ ಹೂವನ್ನು ಕಾಸು ಕೊಟ್ಟು ಕೊಳ್ಳುತ್ತಾಳೋ, ಸಾಲಕ್ಕೋ? ಬಾಳೆನಾರು ಎಲ್ಲಿ ನೆನೆಹಾಕುತ್ತಾಳೆ? ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಲೆ ಏರಿದಾಗ ಆ ಹೆಚ್ಚಿನ ದುಡ್ಡು ಯಾರ ಕೈಸೇರುತ್ತದೆ? ಹುಡುಗಿಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಸಿಟ್ಟು ಮಾಡಿಕೊಳ್ಳದೆ ಬೆಳಗಿನ ಹೊತ್ತು ಮಾರುಕಟ್ಟೆಗೆ ಹೋಗತೊಡಗಿದಳು, ಹೂವು ಕೊಂಡಳು, ಪಕ್ಕದಲ್ಲಿ ಕೂತಳು, ಕಟ್ಟುವುದನ್ನೂ ಅಷ್ಟಿಷ್ಟು ಕಲಿತಳು. ಅಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಮೊಳ. ಹೂವಾಡಗಿತ್ತಿ ಅಳೆಯುವುದು ತನ್ನದೇ ಮೊಣಕೈಯಿಂದ ಬೆರಳ ತುದಿಯವರೆಗೆ. ಗಿಡ್ಡ ಕೈಯವಳ ಮೊಳ ಗಿಡ್ಡ. ಒಂದೇ ಕಟ್ಟೆಯ ಮೇಲೆ ಕೂರುವ ಅತ್ತೆಯದು ಉದ್ದ ಕೈ, ಸೊಸೆಯದು ಮೋಟು ಕೈ. ತಿಳಿದ ಗಿರಾಕಿಗಳೆಲ್ಲ ಅತ್ತೆಯ ಹತ್ತಿರವೇ ಹೋಗುತ್ತಾರೆ. ಸೊಸೆ ಪ್ರತಿ ಮೊಳಕ್ಕೂ ನಾಲ್ಕು ಬೆರಳು ಹೂವು ಮೇಲೆ ಬಿಟ್ಟು ಹರಿಯುತ್ತಾಳೆ, ಅತ್ತೆ ಅದನ್ನು ಕಂಡೂ ಕಾಣದಂತೆ ಕೂರುತ್ತಾಳೆ. ಆ ನಾಲ್ಕು ಬೆರಳಿನಿಂದ ಕಥೆ ಹೊರಟಿತು. ‘ಕಣ್ಣಿನ ನೋವು’ ಎಂಬ ಮಾತನ್ನು ಹುಡುಗಿ ತಾನಾಗಿಯೇ ಹೊಡೆದುಹಾಕಿದಳು.

ಹಾಗಾದರೆ ಸ್ಫೂರ್ತಿ ಎಂಬುದೇ ಸುಳ್ಳೇ ಎಂದು ಕೇಳಬೇಡಿ. 1930ರಲ್ಲಿ ಆರ್.ಕೆ. ನಾರಾಯಣ್ ಹೊಸ ನೋಟ್‌ಬುಕ್ ಕೊಂಡು ಕೂತಾಗ ಒಂದು ಪುಟ್ಟ ರೈಲು ನಿಲ್ದಾಣ ಕಣ್ಣೆದುರು ಬಂತು, ಜೊತೆಗೆ ಮಾಲ್ಗುಡಿ ಎಂಬ ಹೆಸರೂ ಬಂತು ಎಂದು ಅವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅದು ಆ ಒಂದು ದಿನದ ಕೊಡುಗೆ. ಮುಂದೆ ಅಷ್ಟೊಂದು ವರ್ಷ ಆ ಊರಲ್ಲಿ ಜನ ತುಂಬಿದ್ದು ಹೇಗೆ? ‘ಜಸ್ಟಿಸ್’ ಎಂಬ ಮದರಾಸಿನ ಪತ್ರಿಕೆಗೆ ಅವರು ಮೈಸೂರಿನ ವರದಿಗಾರರಾಗಿದ್ದರು. ಅಚ್ಚಾದ ಸುದ್ದಿಯ ಉದ್ದಕ್ಕೆ ತಕ್ಕ ಕೂಲಿ. ಸುದ್ದಿ ಹುಡುಕಿಕೊಂಡು ಕೋರ್ಟು, ಪೊಲೀಸು, ಪುರಸಭೆ, ಪೇಟೆ ಅಲೆಯಲೇಬೇಕಿತ್ತು. ನಡೆಯುವುದು, ನಿಂತು ಮಾತಾಡುವುದು ಅವರ ದಿನಚರಿ. ಮೊದಲ ಕಾದಂಬರಿಯನ್ನು ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಹಿಂದಕ್ಕೆ ಕಳಿಸಿದರು. ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯನಿಗೆ, ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಎಂದು ಬರೆದರು. ಗೆಳೆಯ ಅದನ್ನು ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನರಿಗೆ ತೋರಿಸಿದ್ದರಿಂದ 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಹೊರಬಂತು. ಆ ನಡುವಿನ ವರ್ಷಗಳಲ್ಲಿ ಅವರನ್ನು ಬರವಣಿಗೆಯ ಹತ್ತಿರ ಇಟ್ಟಿದ್ದು ಸ್ಫೂರ್ತಿ ಎನ್ನಲು ನನಗೆ ಮನಸ್ಸಿಲ್ಲ. ಊರಿನ ಮೇಲಿನ ಕುತೂಹಲ ಎನ್ನುತ್ತೇನೆ. ಯಾದವಗಿರಿಯ ಅವರ ಮನೆ ಈಗ ವಸ್ತುಸಂಗ್ರಹಾಲಯ. ಹೋಗಿ ನೋಡಿ, ಆದರೆ ಅಲ್ಲಿಂದ ಮನೆಗೆ ನಡೆದುಕೊಂಡೇ ಬನ್ನಿ.

ಎಸ್.ಎಲ್. ಭೈರಪ್ಪನವರದು ಇನ್ನೂ ಕಟ್ಟುನಿಟ್ಟಿನ ದಾರಿ. ಮೈಸೂರಿನಲ್ಲಿ ತತ್ವಶಾಸ್ತ್ರದ ಮೇಷ್ಟ್ರ ಕೆಲಸ ಮಾಡಿಕೊಂಡೇ ಅವರು ಬಹಳಷ್ಟು ಬರೆದದ್ದು. ಮಹಾಭಾರತದ ಕಥೆಯನ್ನೇ ಹಿಡಿದ 1979ರ ‘ಪರ್ವ’ ಕಾದಂಬರಿಗಾಗಿ ಗ್ರಂಥಗಳನ್ನು ಓದಿದ್ದು ಸಾಲದೆಂದು ಕುರುಕ್ಷೇತ್ರ, ದ್ವಾರಕೆಗಳ ನೆಲ ತುಳಿದರು. ಅದಕ್ಕೂ ಮೊದಲು, ಅಣ್ಣತಮ್ಮಂದಿರಿಗೆ ಒಬ್ಬಳೇ ಹೆಂಡತಿಯಿರುವ ಪದ್ಧತಿ ಉಳಿದಿದ್ದ ಹಿಮಾಲಯದ ಹಳ್ಳಿಯ ಜನರ ಜೊತೆ ಮಾತಾಡಿ ಬಂದಿದ್ದರು. ದ್ರೌಪದಿಯ ಮನೆ ಹೇಗಿದ್ದೀತು ಎಂಬ ಪ್ರಶ್ನೆಗೆ ಬದುಕಿರುವವರಿಂದ ಉತ್ತರ ಪಡೆಯುವ ಹಟ ಅದು. ‘ಗೃಹಭಂಗ’ದ ಪ್ಲೇಗಿಗಾಗಿ ಅವರು ಎಲ್ಲಿಗೂ ಹೋಗಬೇಕಿರಲಿಲ್ಲ; ಬಾಲ್ಯದಲ್ಲಿ ತಾಯಿಯನ್ನೂ ಒಡಹುಟ್ಟಿದವರನ್ನೂ ಅದೇ ಕಾಯಿಲೆ ಕಸಿದಿತ್ತು. ಅಂಥ ಸರಕು ನಿಮ್ಮಲ್ಲೂ ಇದ್ದೀತು. ಇದ್ದರೆ ಅದನ್ನು ಅವಸರಪಡಿಸಬೇಡಿ.

ದೂರ ಹೋಗಲು ಆಗದವರಿಗೆ ತ್ರಿವೇಣಿಯವರನ್ನು ನೆನಪಿಸುತ್ತೇನೆ. ಚಾಮರಾಜಪುರದ ಮನೆಯಲ್ಲಿ ಕೂತು ಹತ್ತು ಚಿಲ್ಲರೆ ವರ್ಷದಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದವರು. ಕಾಲೇಜಿನಲ್ಲಿ ಓದಿದ ಮನಃಶಾಸ್ತ್ರವನ್ನು ಕಣ್ಣಾಗಿಸಿಕೊಂಡು ನಮ್ಮ ಮನೆಗಳ ಒಳಕೋಣೆಗಳನ್ನು ನೋಡಿದರು. ‘ಶರಪಂಜರ’ದ ಕಾವೇರಿ ಬಾಣಂತಿಯಾದ ಮೇಲೆ ಬುದ್ಧಿ ಕೆಟ್ಟು, ಚಿಕಿತ್ಸೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ, ಮನೆಯವರ, ನೆರೆಯವರ ಅನುಮಾನ ಮಾತ್ರ ಗುಣವಾಗುವುದಿಲ್ಲ. ಅಂಥ ಹೆಂಗಸಿನ ಸುದ್ದಿಯನ್ನು ಪಿಸುಮಾತಿನಲ್ಲಿ ಕೇಳಿದ್ದವರು ಎಷ್ಟೋ ಜನ. ಅವಳಿಗೆ ಒಳಗೊಳಗೆ ಏನಾಗುತ್ತಿದ್ದೀತು ಎಂದು ಕೇಳಿದವರು ತ್ರಿವೇಣಿ. 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು, ಮೂವತ್ತೈದೂ ತುಂಬಿರಲಿಲ್ಲ. ‘ಸಮಯವಿಲ್ಲ’ ಎಂದು ಯಾರಾದರೂ ಅಂದಾಗ ನನಗೆ ಮೊದಲು ನೆನಪಾಗುವುದು ಅವರೇ.

ಇನ್ನು, ಬರೆಯದೆ ಇರುವ ದಿನಗಳ ವಿಚಾರ. ದೇವನೂರ ಮಹಾದೇವರ ಕಥೆ ಕಾದಂಬರಿಗಳನ್ನೆಲ್ಲ ಸೇರಿಸಿದರೂ ಕೈಯಲ್ಲಿ ಹಗುರಾಗಿ ಹಿಡಿಯುವಷ್ಟೇ. 1984ರ ‘ಕುಸುಮಬಾಲೆ’ ಪುಟ್ಟ ಪುಸ್ತಕ. ನಂಜನಗೂಡು ಸೀಮೆಯ ಆಡುಮಾತು ಅದರಲ್ಲಿ ಉಸಿರಾಡುವ ರೀತಿ ಅದಕ್ಕೆ ಮುಂಚೆ ಕನ್ನಡದಲ್ಲಿ ಇರಲಿಲ್ಲ. ಮನೆಮನೆಯ ದೀಪಗಳು ಜೋತಮ್ಮಂದಿರಾಗಿ ರಾತ್ರಿ ಒಂದೆಡೆ ಸೇರಿ ತಮ್ಮ ತಮ್ಮ ಮನೆಯ ಸುದ್ದಿ ಹೇಳಿಕೊಳ್ಳುವ ಆ ಭಾಗವನ್ನು ಗಟ್ಟಿಯಾಗಿ ಓದಿ, ಕಿವಿ ತೆರೆಯುತ್ತದೆ. ಕಡಿಮೆ ಬರೆದೆನೆಂದು ಕುಗ್ಗಬೇಡಿ. ಸುಮ್ಮನಿದ್ದ ದಿನಗಳಲ್ಲಿ ಕೇಳಿಸಿಕೊಂಡಿರಾ ಎಂಬುದಷ್ಟೇ ನನ್ನ ಪ್ರಶ್ನೆ.

ದುಃಖ ಕೈಕಟ್ಟಿದಾಗ ಮಾತು ಬೇರೆ. 1939ರಲ್ಲಿ ಹೆಂಡತಿ ರಾಜಂ ತೀರಿಹೋದ ಮೇಲೆ ನಾರಾಯಣ್ ಅವರ ಮುಂದಿನ ಕಾದಂಬರಿ ಬಂದದ್ದು 1945ರಲ್ಲಿ, ಅದೂ ಆ ಸಾವನ್ನೇ ಹೊತ್ತು. ಅಂಥ ಕಾಲದಲ್ಲಿ ನಿಮ್ಮನ್ನು ನೀವು ಗದರಿಕೊಳ್ಳಬೇಡಿ.

ಉಳಿದ ದಿನಗಳಲ್ಲಿ ಗಂಟೆ ನಿಗದಿ ಮಾಡಿಕೊಂಡು ಕೂರಿ. ಹೆಬ್ಬಾಳದ ಕಾರ್ಖಾನೆಗೋ ಇನ್ಫೋಸಿಸ್‌ಗೋ ಹೋಗುವವರಾದರೆ ಬಸ್ಸಿನಲ್ಲಿ ಕೇಳಿದ ಮಾತನ್ನು ಅದೇ ಸೊಲ್ಲಿನಲ್ಲಿ ಬರೆದಿಟ್ಟುಕೊಳ್ಳಿ, ತಿದ್ದಬೇಡಿ. ಕರಡು ಮುಗಿದ ಮೇಲೆ ಮೊದಲು ನನಗೆ ತರಬೇಡಿ, ಸಾಹಿತ್ಯ ಬಲ್ಲ ಗೆಳೆಯರಿಗೂ ಬೇಡ. ಯಾರ ಬದುಕಿನ ಮೇಲೆ ಬರೆದಿದ್ದೀರೋ ಆ ಕಸುಬಿನವರೊಬ್ಬರಿಗೆ, ಕೆಲಸ ಬಿಡುವಾದಾಗ, ಓದಿ ಹೇಳಿ. ‘ಹಂಗಲ್ಲ ಕಣವ್ವ, ನಾವು ಹಂಗೆ ಮಾಡಾಕಿಲ್ಲ’ ಎಂದು ಅವರು ತಡೆದ ಕಡೆಯಲ್ಲೆಲ್ಲ ಗುರುತು ಹಾಕಿಕೊಳ್ಳಿ, ಮತ್ತೆ ಹೇಗೆ ಮಾಡುತ್ತೀರಿ ಎಂದು ಕೇಳಿ. ಮಾರನೆಯ ಬೆಳಿಗ್ಗೆ ಆ ಗುರುತುಗಳಿಂದಲೇ ಶುರು ಮಾಡಿ.