ಲಲಿತಾ ಪವಾರ್: ಕೇಡಿನ ಪಾತ್ರ, ಕಾಯಕದ ಬಾಳು

ಹಿಂದೀ ಚಲಚ್ಚಿತ್ರಗಳನ್ನು ನೋಡುವ ಹವ್ಯಾಸವುಳ್ಳವರಿಗೆ ಲಲಿತಾ ಪವಾರ್ ಎಂಬ ಹೆಸರು ಒಮ್ಮೆಲೇ ಹೊಳೆಯದಿದ್ದರೂ ಆ ಮುಖ ಮರೆತಿರಲಾರದು. ಎಡಗಣ್ಣು ಕಿರಿದಾಗಿ, ತುಟಿ ಬಿಗಿದು, ಸೊಸೆಯ ಮೇಲೆ ಎರಗಿ ಬರುವ ಅತ್ತೆ ಎಂದೊಡನೆ ಎಲ್ಲರಿಗೂ ಗುರುತು ಹತ್ತುತ್ತದೆ. ಆ ಕಿರಿದಾದ ಕಣ್ಣು ವೇಷದ ಭಾಗವಲ್ಲ. ದುಡಿಯುವ ಸ್ಥಳದಲ್ಲಿ ಆದ ಒಂದು ಅಪಘಾತದ ಗುರುತು. ಈ ನಟಿಯ ಬಾಳನ್ನು ದುಡಿದು ಉಣ್ಣುವ ನಾವು ತಿಳಿದುಕೊಳ್ಳತಕ್ಕದ್ದು ಆ ಕಾರಣಕ್ಕಾಗಿಯೇ.

ಆರಂಭ

ಲಲಿತಾ ಅವರು ಹುಟ್ಟಿದ್ದು 1916ರಲ್ಲಿ, ನಾಸಿಕ ಜಿಲ್ಲೆಯ ಯೇವಲಾ ಎಂಬ ಊರಿನಲ್ಲಿ. ಮೊದಲ ಹೆಸರು ಅಂಬಾ. ಚಿತ್ರಗಳಿಗೆ ಇನ್ನೂ ಮಾತು ಬಂದಿರದ ಕಾಲದಲ್ಲಿ, 1928ರ ಸುಮಾರಿಗೆ, ಅವರು ಬಾಲನಟಿಯಾಗಿ ಈ ವೃತ್ತಿಗೆ ಬಂದರು. ಮುಂದೆ ಮೂಕಿಚಿತ್ರಗಳಲ್ಲಿಯೂ ವಾಕ್ಚಿತ್ರಗಳಲ್ಲಿಯೂ ನಾಯಿಕೆಯಾದರು. 1932ರ ‘ಕೈಲಾಸ’ ಎಂಬ ಮೂಕಿಚಿತ್ರದ ನಿರ್ಮಾಣದಲ್ಲಿಯೂ ಪಾಲುಗೊಂಡರು. ಅಂದರೆ ಕೇಡಿನ ಅತ್ತೆಯೆಂದು ನಾವು ಬಲ್ಲ ಈಕೆ ಮೊದಲು ಚೆಲುವೆಯಾದ ನಾಯಿಕೆಯಾಗಿದ್ದರು.

ಒಂದು ಪೆಟ್ಟು

1942ರಲ್ಲಿ ‘ಜಂಗ್-ಎ-ಆಜಾದಿ’ ಎಂಬ ಚಿತ್ರದ ಕೆಲಸ ನಡೆದಿತ್ತು. ಸಹನಟ ಭಗವಾನ್ ಅವರು ಲಲಿತಾ ಅವರ ಕೆನ್ನೆಗೆ ಹೊಡೆಯುವ ದೃಶ್ಯ. ಅಭಿನಯದ ಪೆಟ್ಟು ನಿಜವಾದ ಪೆಟ್ಟಾಗಿ ಬಿತ್ತು. ಮುಖದ ಒಂದು ಪಾರ್ಶ್ವಕ್ಕೆ ಲಕ್ವ ಹೊಡೆದು, ಎಡಗಣ್ಣಿನ ನರಕ್ಕೆ ಘಾಸಿಯಾಯಿತು. ಸುಮಾರು ಮೂರು ವರ್ಷ ಚಿಕಿತ್ಸೆ ನಡೆದರೂ ಕಣ್ಣು ಮೊದಲಿನಂತಾಗಲಿಲ್ಲ.

ಗಿರಣಿಯಲ್ಲಿ ಬೆರಳು ಕಳೆದುಕೊಂಡವನ ಸಂಕಟ ನಮ್ಮಲ್ಲಿ ಅನೇಕರಿಗೆ ಗೊತ್ತು. ನಟಿಗೆ ಮುಖವೇ ಕೈ, ಮುಖವೇ ಉಪಕರಣ. ನಾಯಿಕೆಯ ಬಾಗಿಲು ಮುಚ್ಚಿತು. ಆದರೆ ಲಲಿತಾ ಅವರು ಮನೆ ಹಿಡಿದು ಕೂಡಲಿಲ್ಲ. ಉಳಿದಿದ್ದ ಮುಖದಿಂದಲೇ ಯಾವ ಪಾತ್ರ ಸಾಧ್ಯವೋ ಅದನ್ನು ಹಿಡಿದರು. ತಾಯಿ, ಅತ್ತೆ, ಚಾಡಿ ಹೇಳುವ ಮುದುಕಿ ಮೊದಲಾದ ಪಾತ್ರಗಳು ನಡುವಯಸ್ಸಿಗೆ ಮುನ್ನವೇ ಅವರ ಪಾಲಿಗೆ ಬಂದವು.

ಖಳಪಾತ್ರದ ಕಲೆ

ವಿ. ಶಾಂತಾರಾಮರ ‘ದಹೇಜ್’ (1950) ಚಿತ್ರದಲ್ಲಿ ವರದಕ್ಷಿಣೆಗಾಗಿ ಸೊಸೆಯನ್ನು ಹಿಂಸಿಸುವ ಅತ್ತೆ ಅವರೇ. ಬೆಂಗಳೂರಿನಲ್ಲಿ ಜನಿಸಿದ ಗುರುದತ್ತರ ‘ಮಿಸ್ಟರ್ ಅಂಡ್ ಮಿಸೆಸ್ 55’ (1955) ಚಿತ್ರದಲ್ಲಿ ಸೋದರಸೊಸೆಗೆ ಬಾಡಿಗೆಯ ಗಂಡನನ್ನು ತಂದು, ವಿಚ್ಛೇದನವನ್ನೂ ಮೊದಲೇ ಗೊತ್ತುಮಾಡುವ ಸೀತಾದೇವಿಯಾದರು. ಎರಡೂ ಗಡಸು ಪಾತ್ರಗಳು, ಆದರೆ ಒಂದೇ ಅಲ್ಲ. ಮೊದಲನೆಯವಳನ್ನು ನಡೆಸುವುದು ದುರಾಸೆ. ಎರಡನೆಯವಳನ್ನು ನಡೆಸುವುದು ತನ್ನ ತತ್ತ್ವವೇ ಸರಿಯೆಂಬ ಹಟ. ಕೆಟ್ಟವರು ತಮ್ಮನ್ನು ತಾವು ಕೆಟ್ಟವರೆಂದು ಎಣಿಸುವುದಿಲ್ಲ ಎಂಬುದನ್ನು ಬಲ್ಲ ನಟರಿಗೆ ಮಾತ್ರ ಖಳಪಾತ್ರ ಒಲಿಯುತ್ತದೆ.

ಅವರನ್ನು ಕೇಡಿನವಳೆಂದು ಮಾತ್ರ ಬಲ್ಲವರು ಇನ್ನೆರಡು ಚಿತ್ರಗಳನ್ನು ನೋಡಬೇಕು. ‘ಶ್ರೀ 420’ (1955) ಚಿತ್ರದಲ್ಲಿ, ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದ ಹುಡುಗನಿಗೆ ತಾಯಿಯಂತಾಗುವ ಬಾಳೆಹಣ್ಣಿನ ಗಂಗಾಮಾಯಿ ಅವರೇ. ಹೃಷೀಕೇಶ ಮುಖರ್ಜಿಯವರ ‘ಅನಾಡಿ’ (1959) ಚಿತ್ರದ ಮಿಸೆಸ್ ಡಿಸಾ ಕೂಡ ಅವರೇ. ಬಾಡಿಗೆದಾರನನ್ನು ಬಾಯಿತುಂಬ ಬೈಯುತ್ತಾಳೆ, ಹೊಟ್ಟೆ ತುಂಬ ಉಣಿಸುತ್ತಾಳೆ. ಕೊನೆಗೆ ವಿಷ ಬೆರೆತ ಔಷಧದಿಂದ ಸಾಯುತ್ತಾಳೆ. ಪರಸ್ಥಳದಲ್ಲಿ ಕೋಣೆ ಹಿಡಿದು ಬಾಳುವ ನಮಗೆ ಅಂಥ ಮನೆಯೊಡತಿಯ ಬೆಲೆ ಯಾರೂ ಹೇಳಿಕೊಡಬೇಕಾದುದಲ್ಲ. ಆ ಪಾತ್ರಕ್ಕೆ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ದೊರೆಯಿತು. ಬೈಗುಳದ ದನಿ ಅದೇ, ಕಣ್ಣು ಅದೇ. ಹಿಂದಿರುವ ಮನಸ್ಸು ಮಾತ್ರ ಬೇರೆ.

1987-88ರಲ್ಲಿ ದೂರದರ್ಶನದ ‘ರಾಮಾಯಣ’ದಲ್ಲಿ ಅವರು ಮಂಥರೆಯಾದರು. ಎಪ್ಪತ್ತು ದಾಟಿದ ಆ ನಟಿಯನ್ನು ಆಗ ಕನ್ನಡನಾಡಿನ ಮನೆಮನೆಯೂ ಕಂಡಿತು. 1998ರಲ್ಲಿ ಪುಣೆಯಲ್ಲಿ ಅವರು ತೀರಿಕೊಂಡರು.

ನಾವು ತಿಳಿಯಬೇಕಾದ್ದು

ಇಲ್ಲಿ ಯೋಚಿಸಬೇಕಾದ ವಿಷಯ ಎರಡು. ಕಣ್ಣು ಓರೆಯಾದವರ, ಬೆನ್ನು ಬಾಗಿದವರ ಮನಸ್ಸೂ ಸೊಟ್ಟ ಎಂಬುದು ಬಹು ಹಳೆಯ ಮೂಢನಂಬಿಕೆ. ಕೆಲಸದಲ್ಲಿ ಪೆಟ್ಟು ತಿಂದ ಹೆಂಗಸಿನ ಮುಖವನ್ನೇ ಕೇಡಿನ ಗುರುತಾಗಿ ಮಾಡಿಕೊಂಡ ಚಿತ್ರೋದ್ಯಮ ಆ ನಂಬಿಕೆಯಿಂದ ಹಣ ಗಳಿಸಿತು. ಚಪ್ಪಾಳೆ ತಟ್ಟಿದ ಪ್ರೇಕ್ಷಕರಾದ ನಮಗೂ ಅದರಲ್ಲಿ ಪಾಲುಂಟು. ನಮ್ಮ ನೆರೆಯಲ್ಲಿಯೋ ಕಚೇರಿಯಲ್ಲಿಯೋ ಅಂಗವೂನರಿದ್ದರೆ, ಅವರನ್ನು ನೋಡುವ ನಮ್ಮ ಕಣ್ಣು ನೆಟ್ಟಗಿದೆಯೇ ಎಂದು ಮೊದಲು ಕೇಳಿಕೊಳ್ಳೋಣ.

ಎರಡನೆಯದು ಅವರ ಕಾಯಕ. ಕಳೆದುಹೋದ ಕೆಲಸ ಮರಳಿ ಬರಲಿಲ್ಲ. ಅದೇ ವೃತ್ತಿಯೊಳಗೆ ಬೇರೊಂದು ಕೆಲಸವನ್ನು ಅವರು ಕಲಿತರು, ಅದರಲ್ಲಿ ನಲವತ್ತು ವರ್ಷಗಳಿಗೂ ಮೀರಿ ನಿಂತರು. ಮುಂದಿನ ಸಲ ತೆರೆಯ ಮೇಲೆ ಆ ಅತ್ತೆಯನ್ನು ಕಂಡಾಗ ಪಾತ್ರವನ್ನು ಬೇಕಾದಷ್ಟು ಬೈಯೋಣ. ನಟಿಗೆ ಮಾತ್ರ ಒಂದು ನಮಸ್ಕಾರ ಸಲ್ಲಲಿ.